ಕಲ್ಲು ಗುರುತಿಸಿಕೊಂಡು ದುರ್ಗ ನೋಡುವುದು: ಕೋಟೆ, ಕಿಟ್ಟ, ಗಣಿ, ಕಾಡು

ಚಿತ್ರದುರ್ಗಕ್ಕೆ ಬರುವವರಲ್ಲಿ ಹೆಚ್ಚಿನವರು ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಹೊತ್ತು ಉಳಿದಿದ್ದರೆ ಚಂದ್ರವಳ್ಳಿಗೂ ಒಂದು ಸುತ್ತು ಹಾಕಿ ಬಸ್ ಹತ್ತಿಬಿಡುತ್ತಾರೆ. ಅದೇ ಜಿಲ್ಲೆಯಲ್ಲಿ ತಾಮ್ರ ತೆಗೆದ ಇಂಗಳದಾಳ ಇದೆ, ಅದಿರು ಅಗೆದು ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳಿವೆ, ಹಿಂದಿನವರು ಕಬ್ಬಿಣ ಕರಗಿಸಿ ಚೆಲ್ಲಿದ ಕಿಟ್ಟದ ದಿಬ್ಬಗಳಿವೆ, ಕಡಿದು ಮತ್ತೆ ಚಿಗುರಿದ ಕಾಡಿದೆ, ನೀರಿನಡಿ ಹೆಪ್ಪುಗಟ್ಟಿದ ಲಾವಾ ಇದೆ. ಇವನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಅರ್ಧ ಗಂಟೆಯ ಕುತೂಹಲ, ಅಷ್ಟೇ. ಇವೆಲ್ಲ ಯಾಕೆ ಇಲ್ಲೇ ಇವೆ ಎಂಬುದು ಕಾಲಡಿಯ ಕಲ್ಲಿನಿಂದ ತಿಳಿಯುತ್ತದೆ. ಹಾಗಾಗಿ ಮೊದಲು ಎರಡು ಕಲ್ಲುಗಳ ಗುರುತು ಮಾಡಿಕೊಳ್ಳಿ.

ಎರಡು ಕಲ್ಲು

ಕೋಟೆ ಇರುವ ಬೆಟ್ಟಗಳು ಗ್ರಾನೈಟ್. ತಿಳಿ ಬಣ್ಣ, ಕೈಯಿಟ್ಟರೆ ಒರಟು. ಹತ್ತಿರದಿಂದ ನೋಡಿದರೆ ಬಿಳಿ ಅಥವಾ ನಸುಗೆಂಪು ಹರಳು, ಗಾಜಿನಂಥ ಬೆಣಚು, ನಡುನಡುವೆ ಕಪ್ಪು ಚುಕ್ಕೆ. ಮಳೆ ಬಿಸಿಲಿಗೆ ಇದು ಪುಡಿಯಾಗುವುದಕ್ಕಿಂತ ಹೆಚ್ಚಾಗಿ ಸಿಪ್ಪೆ ಬಿಟ್ಟು ಗುಂಡಾಗುತ್ತದೆ. ದುರ್ಗದ ಆ ಬೃಹತ್ ಗುಂಡುಗಳು ಒಂದರ ಮೇಲೊಂದು ಕೂತಿರುವುದು ಹೀಗೇ.

ಊರಿನ ದಕ್ಷಿಣಕ್ಕಿರುವ ಜೋಗಿಮಟ್ಟಿಯ ಸಾಲು ಬೇರೆಯೇ ಜಾತಿ. ಉದ್ದಕ್ಕೆ ಓಡುವ ದಿಣ್ಣೆಗಳು, ಮೇಲೆ ಹುಲ್ಲು ಮತ್ತು ಕುರುಚಲು, ಕಲ್ಲು ಕಪ್ಪು ಹಸಿರು, ಗಾತ್ರಕ್ಕೆ ಭಾರ, ಕೆಲವೆಡೆ ಪದರ ಪದರವಾಗಿ ಏಳುತ್ತದೆ. ಇದು ಹಳೆಯ ಜ್ವಾಲಾಮುಖಿಗಳ ಲಾವಾ ಮತ್ತು ಕೆಸರು ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟದ್ದು. ಗದಗದ ಕಡೆಯಿಂದ ಮಂಡ್ಯದ ಕಡೆಗೆ ಹಾದುಹೋಗುವ ಈ ಉದ್ದನೆಯ ಪಟ್ಟಿಗೆ ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರನ್ನೇ ಇಟ್ಟಿದ್ದಾರೆ. ಅದರೊಳಗಿನ ಶಿಲಾಸ್ತರಗಳಿಗೆ ಇಂಗಳದಾಳ, ಹಿರಿಯೂರು, ವಾಣಿವಿಲಾಸ ಎಂಬ ಹೆಸರುಗಳಿವೆ. ತಾಮ್ರ, ಕಬ್ಬಿಣ, ಮ್ಯಾಂಗನೀಸ್, ಅಲ್ಲಲ್ಲಿ ಚಿನ್ನ ಎಲ್ಲವೂ ಈ ಪಟ್ಟಿಯದ್ದು. ಗ್ರಾನೈಟ್ ಕೋಟೆ ಕೊಟ್ಟಿತು, ಕಪ್ಪು ಕಲ್ಲು ಅದಿರು ಕೊಟ್ಟಿತು. ಕೋಟೆಯ ಎತ್ತರದ ಬತೇರಿಯಿಂದ (ಕಾವಲು ಬುರುಜಿನಿಂದ) ದಕ್ಷಿಣಕ್ಕೆ ತಿರುಗಿದರೆ ಗುಂಡುಗಳ ಬೆಟ್ಟ ಮುಗಿದು ದಿಣ್ಣೆಗಳ ಸಾಲು ಶುರುವಾಗುವುದು ಬರಿಗಣ್ಣಿಗೇ ಕಾಣುತ್ತದೆ. ಆ ನೋಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ಊರುಗಳನ್ನು ಹುಡುಕುವುದು ಸುಲಭ.

ಕೋಟೆಯೂ ಒಂದು ಕಲ್ಲುಗಣಿಯೇ

ಕೋಟೆಯ ಕಲ್ಲುಗಳು ದೂರದಿಂದ ಬಂದವಲ್ಲ, ಅಲ್ಲೇ ಸೀಳಿದ್ದು. ಹೆಬ್ಬಾಗಿಲುಗಳ ದಾರಿಯಲ್ಲಿ ಬಂಡೆಗಳ ಅಂಚನ್ನು ಗಮನಿಸಿ: ಗೇಣಿಗಿಂತ ಕಡಿಮೆ ಅಂತರದಲ್ಲಿ ಒಂದೇ ನೇರಕ್ಕೆ ಸಣ್ಣ ಆಯತಾಕಾರದ ಗುಳಿಗಳ ಸಾಲು ಸಿಗುತ್ತದೆ. ಅವು ಬೆಣೆ ಹೊಡೆಯಲು ಉಳಿಯಿಂದ ತೋಡಿದ ಗುಳಿಗಳು. ಸಾಲಿನ ಎಲ್ಲ ಬೆಣೆಗಳಿಗೂ ಸರದಿಯಂತೆ ಸಮನಾಗಿ ಪೆಟ್ಟು ಬೀಳಬೇಕು. ಒಂದಕ್ಕೇ ಹೆಚ್ಚು ಹೊಡೆದರೆ ಕಲ್ಲು ಗೆರೆ ಬಿಟ್ಟು ಓರೆಯಾಗಿ ಒಡೆಯುತ್ತದೆ. ಗುಳಿಗಳಿದ್ದೂ ಸೀಳದೆ ಉಳಿದ ಬಂಡೆಗಳು ಕಂಡರೆ ಅಲ್ಲಿ ಕೆಲಸ ನಡುವೆ ನಿಂತಿದೆ ಎಂದರ್ಥ. ಸೀಳಿದ ಕಲ್ಲಿನ ಅಂಚಿನಲ್ಲಿ ಹಲ್ಲಿನಂತೆ ಕಾಣುವ ಅರೆಗುಳಿಗಳನ್ನು ಗೋಡೆಯಲ್ಲೂ ಹುಡುಕಬಹುದು. ಗೈಡುಗಳು ಇದನ್ನು ತೋರಿಸುವುದು ಕಡಿಮೆ, ಕೇಳಿದರೆ ತೋರಿಸುತ್ತಾರೆ.

ಇನ್ನೊಂದು ತಪ್ಪದೆ ನೋಡಬೇಕಾದ್ದು ಮದ್ದು ಬೀಸುವ ಜಾಗ. ತಗ್ಗಿನಲ್ಲಿ ದೊಡ್ಡ ದೊಡ್ಡ ಬೀಸುಕಲ್ಲುಗಳು. ಕೋವಿಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಪ್ರಮಾಣ ನೂರಕ್ಕೆ ಸುಮಾರು ಎಪ್ಪತ್ತೈದು ಪಾಲು ಪೆಟ್ಲುಪ್ಪು, ಉಳಿದದ್ದು ಮಿಕ್ಕೆರಡು. ಇದ್ದಿಲು ಎಂದಮೇಲೆ ಕಾಡು ಬಂದೇ ಬಂತು. ಆ ಲೆಕ್ಕ ಮುಂದೆ.

ನೀರಿನ ವ್ಯವಸ್ಥೆಯೂ ಗ್ರಾನೈಟ್ ಕೃಪೆ. ಬಿರುಕಿಲ್ಲದ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಅದನ್ನು ಮೇಲಿನ ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದು, ಅಲ್ಲಿ ತುಂಬಿ ಹರಿದದ್ದನ್ನು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಇಳಿಸಿದ್ದಾರೆ. ವರ್ಷದ ಮಳೆ ತೀರಾ ಕಡಿಮೆ ಇರುವ ಊರಿನಲ್ಲಿ ಬೆಟ್ಟದ ಮೇಲೆ ಸೈನ್ಯ ಇಟ್ಟುಕೊಂಡು ಮುತ್ತಿಗೆ ತಡೆದದ್ದು ಇದರ ಬಲದಿಂದ. 1779ರಲ್ಲಿ ಹೈದರಾಲಿಗೆ ಕೋಟೆ ಸಿಕ್ಕುವ ಮುನ್ನ ಅವನು ಹಲವು ಸಲ ಮುತ್ತಿಗೆ ಹಾಕಬೇಕಾಯಿತು.

ಕೋಟೆಗೆ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ, ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗಿರಿ. ಹತ್ತು ಗಂಟೆಯ ನಂತರ ಬಂಡೆ ಕಾಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಆ ಝಳ ಕೆಳಗಿನಿಂದ ಮೇಲಕ್ಕೆ ಬಡಿಯುವುದರಿಂದ ಟೋಪಿಯೂ ಕೆಲಸಕ್ಕೆ ಬಾರದು. ತಲೆಗೆ ಎರಡು ಲೀಟರ್ ನೀರು ಬೇಕು. ತುಪ್ಪದ ಕೊಳದ ಬತೇರಿಯ ಕಡೆ ಬಂಡೆಯಲ್ಲಿ ಕೊರೆದ ಕಾಲು ಹಿಡಿಯುವಷ್ಟೇ ಮೆಟ್ಟಿಲುಗಳಿವೆ. ಹತ್ತುವಾಗ ಏನೂ ಅನ್ನಿಸುವುದಿಲ್ಲ, ಇಳಿಯುವಾಗ ಮೊಣಕಾಲು ನಡುಗುತ್ತದೆ. ಮಳೆ ಬಿದ್ದ ದಿನ ಅದನ್ನು ಬಿಟ್ಟೇಬಿಡಿ. ಕೈಯಲ್ಲಿ ತಿಂಡಿಯ ಪ್ಲಾಸ್ಟಿಕ್ ಚೀಲ ಇದ್ದರೆ ಕೋತಿ ಬಂತೆಂದೇ ಲೆಕ್ಕ.

ಕೋತಿಗಿಂತ ಹೆಜ್ಜೇನು ಅಪಾಯ. ಬಂಡೆಯ ಚಾಚಿನ ಕೆಳಗೆ ಕರಿ ಹಲಗೆಯಂತೆ ತೂಗುವ ಗೂಡು ಕಂಡರೆ ಅದರಡಿ ನಿಲ್ಲಬೇಡಿ. ಸೆಂಟು, ಬೀಡಿ ಹೊಗೆ, ಕಲ್ಲೆಸೆತ, ಕೂಗಾಟ ಇಷ್ಟು ಸಾಕು ಅವು ಏಳುವುದಕ್ಕೆ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಗಿಡ ಪೊದೆ ಇರುವ ಕಡೆಗೆ ಅಥವಾ ಕೋಣೆಯೊಳಕ್ಕೆ ಓಡಿ. ಹೊಂಡಕ್ಕೆ ಹಾರುವುದು ದಡ್ಡತನ, ತಲೆ ಎತ್ತುವುದನ್ನೇ ಅವು ಕಾಯುತ್ತಿರುತ್ತವೆ. ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ಊದಿದರೆ ಮನೆಮದ್ದು ಬೇಡ, 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.

ಕಿಟ್ಟದ ದಿಬ್ಬ ಮತ್ತು ಕಾಡಿನ ಲೆಕ್ಕ

ಇಂಗ್ಲಿಷರ ಸರ್ವೆಗಾಗಿ 1800–01ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಹಳ್ಳಿಯವರು ಅದಿರು ತೆಗೆದು ಕಬ್ಬಿಣ ಕರಗಿಸುತ್ತಿದ್ದುದನ್ನೂ, ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಗೆ ಗಾಜು ಮಾಡುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಎರಡಕ್ಕೂ ಬೆಂಕಿ ಬೇಕು, ಬೆಂಕಿಗೆ ಮರ.

ಆ ಕಾಲದ ಮಣ್ಣಿನ ಕುಲುಮೆಯಲ್ಲಿ ಒಂದು ಕಿಲೊ ಕಬ್ಬಿಣ ತೆಗೆಯಲು ಕಮ್ಮಿಯೆಂದರೂ ಐದಾರು ಕಿಲೊ ಇದ್ದಿಲು ಬೇಕಾಗುತ್ತದೆ. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ಒಂದು ಕಿಲೊ ಇದ್ದಿಲಿಗೆ ಐದಾರು ಕಿಲೊ ಸೌದೆ. ಗುಣಿಸಿದರೆ ಕಿಲೊ ಕಬ್ಬಿಣಕ್ಕೆ ಸುಮಾರು ಮೂವತ್ತು ಕಿಲೊ ಸೌದೆ. ಎರಡು ಕಿಲೊ ತೂಗುವ ಗುದ್ದಲಿಗೆ ಅರವತ್ತು. ಹೀಗಾಗಿ ಅದಿರು ಹೇರಳವಾಗಿದ್ದರೂ ಕುಲುಮೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಹತ್ತಿರದ ಸೌದೆ ಮುಗಿದಂತೆ ಜಾಗ ಬದಲಾಗುತ್ತಿತ್ತು. ಸಣ್ಣ ಸಣ್ಣ ಕಿಟ್ಟದ ರಾಶಿಗಳು ಊರೂರ ಅಂಚಿನಲ್ಲಿ ಚೆದುರಿ ಸಿಗುವುದಕ್ಕೆ ಇದೇ ಕಾರಣ.

ಕಿಟ್ಟವನ್ನು ಅದಿರಿನಿಂದ ಬೇರೆ ಮಾಡುವುದು ಕಷ್ಟವಲ್ಲ. ಅದಿರು ಎಲ್ಲ ಕಡೆ ಒಂದೇ ಹದವಾಗಿರುತ್ತದೆ. ಕಿಟ್ಟದ ಒಂದು ಮೈ ಬೆಲ್ಲದ ಪಾಕ ಹರಿದು ಗಟ್ಟಿಯಾದಂತೆ ಮಡಿಕೆ ಮಡಿಕೆಯಾಗಿ, ಇನ್ನೊಂದು ಮೈ ಮಣ್ಣು ಮರಳು ಅಂಟಿಕೊಂಡು ಒರಟಾಗಿರುತ್ತದೆ. ಒಡೆದು ಬಿದ್ದ ಚೂರಿನಲ್ಲಿ ಗಾಳಿಗುಳ್ಳೆಯ ತೂತು, ಗಾಜಿನ ಹೊಳಪು. ಕೆಲವದರಲ್ಲಿ ಇದ್ದಿಲಿನ ಅಚ್ಚು ಉಳಿದಿರುತ್ತದೆ, ಮರದ ನಾರಿನ ಗೆರೆಗಳೂ ಅಚ್ಚಿನಲ್ಲಿ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ಒಂದು ತುದಿ ಸುಟ್ಟು ಗಾಜಿನಂತಾದ ಮಣ್ಣಿನ ಕೊಳವೆಯ ಚೂರು ಸಿಕ್ಕರೆ ಅನುಮಾನವೇ ಬೇಡ, ಅದು ತಿದಿಯಿಂದ ಕುಲುಮೆಗೆ ಗಾಳಿ ಊದಿದ ಕೊಳವೆ. ಸುತ್ತಲಿನ ಮಣ್ಣು ಕೆಂಪಿರುವಾಗ ಅಷ್ಟು ಜಾಗ ಮಾತ್ರ ಬೂದುಗಪ್ಪು ಇರುತ್ತದೆ. ಅದಿರಿನಲ್ಲೇ ಯಾವ ಅದಿರು ಎಂದು ತಿಳಿಯಲು ಟೈಲ್ಸಿನ ಹಿಂಬದಿಯ ಹೊಳಪಿಲ್ಲದ ಭಾಗ ಸಾಕು: ಉಜ್ಜಿದಾಗ ಕೆಂಪು ಗೆರೆ ಬಂದರೆ ಹೆಮಟೈಟ್, ಕಪ್ಪು ಗೆರೆ ಬಂದು ಅಯಸ್ಕಾಂತ ಎಳೆದರೆ ಮ್ಯಾಗ್ನೆಟೈಟ್. ಮ್ಯಾಗ್ನೆಟೈಟ್ ಇರುವ ದಿಣ್ಣೆಯ ಮೇಲೆ ಫೋನಿನ ದಿಕ್ಸೂಚಿಯನ್ನು ನಂಬಬೇಡಿ, ಅದು ಉತ್ತರ ಬಿಟ್ಟು ಬೇರೆಲ್ಲೋ ತೋರಿಸುತ್ತದೆ.

ನೋಡಿ, ಫೋಟೊ ತೆಗೆಯಿರಿ, ಎತ್ತಿಕೊಂಡು ಬರಬೇಡಿ. ರಾಶಿಯ ಯಾವ ಪದರದಲ್ಲಿ ಏನಿತ್ತು ಎಂಬುದರಿಂದಲೇ ಅದರ ಕಾಲ ತಿಳಿಯಬೇಕು. ಒಬ್ಬರು ಒಂದೊಂದು ಚೂರು ಒಯ್ದರೂ ಹತ್ತು ವರ್ಷದಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಭಾಗದಲ್ಲಿ ನಿಧಿಗಳ್ಳರ ಕಾಟ ಹೆಚ್ಚು. ಪಾಳು ಗುಡಿಯ ಲಿಂಗ ಕಿತ್ತು, ಬಸವಣ್ಣನ ಹೊಟ್ಟೆ ಒಡೆದು ಅಗೆದ ಗುಂಡಿಗಳು ಊರವರ ಕಣ್ಣ ಮುಂದಿವೆ. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದ ಅಪರಿಚಿತರು ಸಂಜೆ ಹೊತ್ತಿನಲ್ಲಿ ಗುಡ್ಡದ ಕಡೆ ಹೊರಟರೆ ಜನ ಸೇರುವುದು ಸಹಜ. ಸುತ್ತಿಗೆ ಬೇಡವೇ ಬೇಡ. ಹಗಲಿನಲ್ಲಿ ಹೋಗಿ, ಊರ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ, ಹಿರಿಯರೊಬ್ಬರನ್ನು ಕೇಳಿ: “ಯಜಮಾನ್ರೇ, ಇಲ್ಲಿ ಕಬ್ಬಿಣದ ಕಿಟ್ಟ ಬಿದ್ದಿರೋ ದಿಬ್ಬ ಯಾವ ಕಡೆ ಐತೆ?” ಕುರಿ ಕಾಯುವವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. ನೆಲದಲ್ಲಿ ನಾಣ್ಯವೋ ಪಾತ್ರೆಯೋ ಸಿಕ್ಕರೆ ಮುಟ್ಟದೆ ತಹಶೀಲ್ದಾರರಿಗೆ ತಿಳಿಸಬೇಕು, ಬಚ್ಚಿಡುವುದು ಅಪರಾಧ.

ಕಡಿದ ಕಾಡನ್ನೂ ಹೀಗೇ ಗುರುತಿಸಬಹುದು. ಬೀಜದಿಂದ ಬೆಳೆದ ಮರಕ್ಕೆ ಒಂದೇ ಕಾಂಡ. ಕಡಿದ ಬೊಡ್ಡೆಯಿಂದ ಚಿಗುರಿದ ಮರಕ್ಕೆ ಬುಡದಲ್ಲೇ ಮೂರು ನಾಲ್ಕು ಕಾಂಡ, ನಡುವೆ ಹಳೆ ಬೊಡ್ಡೆಯ ಪೊಟರೆ. ಒಂದು ಇಳಿಜಾರಿನ ಮರಗಳೆಲ್ಲ ಹೀಗಿದ್ದು ದಪ್ಪವೂ ಒಂದೇ ಆಗಿದ್ದರೆ ಅಲ್ಲಿ ಒಟ್ಟಿಗೇ ಕೊಡಲಿ ಬಿದ್ದಿದೆ. ಸಾಲು ಹಿಡಿದು ನಿಂತ ನೀಲಗಿರಿ, ಅಕೇಶಿಯಾ ಕಂಡರೆ ಅದು ಆಮೇಲೆ ನೆಟ್ಟದ್ದು. ಇಳಿಜಾರಿನಲ್ಲಿ ಕಾರಣವಿಲ್ಲದೆ ಸಮತಟ್ಟಾದ ದುಂಡನೆಯ ಜಾಗ, ಕೆದಕಿದರೆ ಕಪ್ಪು ಮಣ್ಣು, ಇದ್ದಿಲಿನ ಚೂರು ಕಂಡರೆ ಅದು ಹಳೆಯ ಇದ್ದಿಲು ಗೂಡು. ಜೋಗಿಮಟ್ಟಿ ವನ್ಯಜೀವಿ ಧಾಮವಾದ್ದರಿಂದ ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಕೇಳಿಯೇ ಒಳಹೋಗಬೇಕು, ದಾರಿ ಬಿಟ್ಟು ಇಳಿಯಬಾರದು. ಕರಡಿ, ಚಿರತೆ ಎರಡೂ ಇವೆ. ಕರಡಿ ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಓಡಾಡುವುದರಿಂದ ಬಿಸಿಲೇರಿದ ಮೇಲೆ ಹೋಗಿ ನಾಲ್ಕಕ್ಕೆಲ್ಲ ಇಳಿಯುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಗಾಳಿ ಎಂದರೆ ಗಾಳಿ, ಕೊಡೆ ಹಿಡಿಯುವ ಮಾತೇ ಇಲ್ಲ.

ಗಣಿ: ಹೊರಗಿನಿಂದಲೇ

ಇಂಗಳದಾಳದ ತಾಮ್ರದ ಗಣಿಯನ್ನು ಹಟ್ಟಿ ಚಿನ್ನದ ಗಣಿ ಕಂಪನಿ ನಡೆಸಿ ನಿಲ್ಲಿಸಿದೆ. ಅದು ಪ್ರವಾಸಿ ತಾಣವಲ್ಲ, ಅನುಮತಿಯಿಲ್ಲದೆ ಆವರಣಕ್ಕೆ ಕಾಲಿಡುವಂತಿಲ್ಲ. ಆದರೆ ಆ ಭಾಗದ ರಸ್ತೆಬದಿಯ ಕಲ್ಲೇ ಸಾಕಷ್ಟು ಹೇಳುತ್ತದೆ. ಇಲ್ಲಿನ ಅದಿರು ತಾಮ್ರ, ಕಬ್ಬಿಣ, ಗಂಧಕ ಸೇರಿದ ಹಿತ್ತಾಳೆ ಬಣ್ಣದ ಕ್ಯಾಲ್ಕೊಪೈರೈಟ್. ಇಂಥ ಅದಿರು ಗಾಳಿ ನೀರಿಗೆ ಸಿಕ್ಕಾಗ ಕಬ್ಬಿಣ ತುಕ್ಕಾಗಿ ಮೇಲೆ ಜೊಳ್ಳು ಜೊಳ್ಳಾದ ಕೆಂಗಂದು ಕಲ್ಲಿನ ಕವಚವಾಗುತ್ತದೆ, ತಾಮ್ರ ಹಸಿರು ನೀಲಿ ಕಲೆಯಾಗಿ ಬಿರುಕಿನಲ್ಲಿ ಕೂರುತ್ತದೆ. ಯಂತ್ರವಿಲ್ಲದ ಕಾಲದವರು ತಾಮ್ರ ಹುಡುಕಿದ್ದು ಈ ತುಕ್ಕು ಮತ್ತು ಹಸಿರನ್ನು ನೋಡಿಯೇ.

ಒಳಗೆ ಯಾಕೆ ಹೋಗಬಾರದು ಎಂಬುದನ್ನು ಬೋರ್ಡು ಹೇಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುವುದು ಒಳ್ಳೆಯದು. ಗಂಧಕದ ಅದಿರು ಗಾಳಿಯ ಆಮ್ಲಜನಕವನ್ನು ತಾನೇ ಹೀರುತ್ತದೆ, ಕೊಳೆಯುವ ಮರದ ಆಸರೆಗಳೂ ಹೀರುತ್ತವೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಇರಬೇಕು. 16ಕ್ಕೆ ಇಳಿದರೆ ಮೇಣದಬತ್ತಿ ಆರುತ್ತದೆ, ಬುದ್ಧಿ ಮಂಕಾಗುತ್ತದೆ. 10ರ ಕೆಳಗೆ ಪ್ರಜ್ಞೆ ತಪ್ಪುತ್ತದೆ. ಉಸಿರು ಕಟ್ಟಿದ ಅನುಭವವೇ ಆಗದೆ ಕಾಲು ಕುಸಿಯುತ್ತದೆ. ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ಹಳೆ ಬಾವಿಗಳಲ್ಲಿ ಒಬ್ಬರ ಹಿಂದೆ ಮೂವರು ಸಾಯುವುದು ಹೀಗೆ. ಎರಡನೆಯದು ಗಣಿಬಾವಿಯ ಬಾಯಿ. ಅದರ ಸುತ್ತಿನ ಮಣ್ಣು ವರ್ಷದಿಂದ ವರ್ಷಕ್ಕೆ ಒಳಕ್ಕೆ ಜಾರಿ ಆಲಿಕೆಯಂತಾಗಿರುತ್ತದೆ, ಮುಚ್ಚಿದ ಹಲಗೆ ಕೊಳೆತು ಮೇಲೆ ಲಾಂಟಾನ ಹಬ್ಬಿರುತ್ತದೆ. ಮೂರನೆಯದು ಅದಿರು ಅರೆದು ತಾಮ್ರ ತೆಗೆದ ಮೇಲೆ ಉಳಿಯುವ ನುಣ್ಣನೆ ಮಣ್ಣಿನ ಕಟ್ಟೆ. ಮೇಲೆ ಒಣಗಿ ಬಿರಿದ ಪದರ, ಒಳಗೆ ವರ್ಷಗಟ್ಟಲೆ ಕೆಸರು. ದನ ಸಿಕ್ಕಿಕೊಂಡರೂ ಹೊರತೆಗೆಯುವುದು ಕಷ್ಟ. ಅಂಥ ಕಡೆಯ ನೀರು ಕಿತ್ತಳೆ ಅಥವಾ ಹಸಿರು ನೀಲಿ ಬಣ್ಣದಲ್ಲಿ ತಿಳಿಯಾಗಿದ್ದರೆ ಮುಟ್ಟಬೇಡಿ. ತಿಳಿಯಾಗಿರುವುದು ಆಮ್ಲದಲ್ಲಿ ಏನೂ ಬದುಕದೆ ಇರುವುದರಿಂದ.

ಕಬ್ಬಿಣದ ಅದಿರಿನ ಗುಂಡಿಗಳ ಅಪಾಯ ಬೇರೆ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಗುಡ್ಡಗಳನ್ನು ಮೆಟ್ಟಿಲಾಗಿ ಕತ್ತರಿಸಿದ್ದಾರೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗುತ್ತಿಗೆಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, 2013ರಲ್ಲಿ ಮೊದಲೆರಡು ವರ್ಗಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟು, ಸಿ ವರ್ಗವನ್ನು ರದ್ದು ಮಾಡಿತು. ಆದ್ದರಿಂದ ಒಂದು ಗುಡ್ಡದಲ್ಲಿ ಟಿಪ್ಪರ್ ಓಡುತ್ತಿದ್ದರೆ ಇನ್ನೊಂದು ಹಾಳುಬಿದ್ದಿರಬಹುದು. ಹಾಳುಬಿದ್ದ ಗುಂಡಿಯ ಮೆಟ್ಟಿಲಿನ ಅಂಚು ಕೆಳಗಿನಿಂದ ಕೊರೆದುಹೋಗಿರುತ್ತದೆ, ಮೇಲೆ ನಿಂತವರಿಗೆ ಕಾಣುವುದಿಲ್ಲ. ತುಂಬಿದ ನೀರಿಗೆ ಕೆರೆಯ ಹಾಗೆ ದಡ ಇಲ್ಲ, ಕಾಲಿಟ್ಟ ಕಡೆಯೇ ಆಳ. ಈಜು ಬಲ್ಲವರೂ ಹತ್ತಲು ಹಿಡಿತ ಸಿಗದೆ ಸೋಲುತ್ತಾರೆ. ರಸ್ತೆಯಿಂದಲೇ ನೋಡಿದರೆ ಗುಡ್ಡದ ಕತ್ತರಿಸಿದ ಮೈಯಲ್ಲಿ ಕೆಂಪು ಕಪ್ಪು ಪಟ್ಟೆಗಳು ಚೆನ್ನಾಗಿ ಕಾಣುತ್ತವೆ, ಅಷ್ಟು ಸಾಕು.

ಮರಡಿಹಳ್ಳಿಯ ದಿಂಬುಗಳು

ಐಮಂಗಲದ ಹತ್ತಿರದ ಮರಡಿಹಳ್ಳಿಯ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕರ್ನಾಟಕದಲ್ಲಿ ಇಂಥವು ನಾಲ್ಕೇ. ಲಾಲ್‌ಬಾಗಿನ ಬಂಡೆ, ಸೇಂಟ್ ಮೇರಿ ದ್ವೀಪ ಎಲ್ಲರ ಬಾಯಲ್ಲಿದ್ದರೆ ಇದು ಸುಮ್ಮನೆ ಬಿದ್ದಿದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ತಕ್ಷಣ ಹೊರಮೈ ಗಟ್ಟಿಯಾಗಿ, ಒಳಗಿನ ಒತ್ತಡಕ್ಕೆ ಬಿರಿದು ಮತ್ತೊಂದು ಉಂಡೆ ಹೊರಬಂದು, ದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ. ದಿಂಬಿನ ಅಂಚು ನುಣ್ಣಗೆ, ಬಣ್ಣ ಬೇರೆ. ಬೇಗ ತಣಿದ ಭಾಗದಲ್ಲಿ ಹರಳು ಬೆಳೆಯಲು ಹೊತ್ತೇ ಸಿಕ್ಕಿಲ್ಲ. ಮೇಲ್ಭಾಗ ಉಬ್ಬಿದ್ದು, ಕೆಳಭಾಗ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಆ ಚೂಪು ತೋರಿಸುವ ಕಡೆಯೇ ಅಂದಿನ ಕೆಳಗು. ಪದರಗಳು ಮಡಚಿ ಓರೆಯಾದ ಮೇಲೂ ಯಾವುದು ಮೇಲಿತ್ತು ಎಂದು ಹೇಳಲು ಭೂವಿಜ್ಞಾನಿಗಳು ಬಳಸುವ ಉಪಾಯ ಇದೇ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ನಾಲ್ಕರ ನಂತರ ಅಂಚುಗಳು ಎದ್ದು ಕಾಣುತ್ತವೆ, ಮಧ್ಯಾಹ್ನ ಹೋದರೆ ಬರೀ ಕಪ್ಪು ಬಂಡೆ. ಅಲ್ಲಿಂದ ಹಿರಿಯೂರು ಕಡೆಗೆ ಮುಂದುವರಿದರೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. ವೇದಾವತಿ ಇದೇ ಕಪ್ಪುಕಲ್ಲಿನ ದಿಣ್ಣೆಗಳನ್ನು ಸೀಳಿದ ಇಕ್ಕಟ್ಟಿಗೇ ಅಣೆಕಟ್ಟೆ ಕಟ್ಟಿದ್ದಾರೆ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ.

ಚಂದ್ರವಳ್ಳಿ, ಬ್ರಹ್ಮಗಿರಿ

ಚಂದ್ರವಳ್ಳಿಯ ಅಂಕಲಿ ಮಠದ ನೆಲಮನೆಗಳಿಗೆ ಫೋನಿನ ಬೆಳಕು ಸಾಲದು. ತಲೆಗೊಂದು ಟಾರ್ಚು, ಬಗ್ಗಿ ನಡೆಯಲು ಆಗುವ ಬಟ್ಟೆ, ದಾರಿ ಬಲ್ಲ ಗೈಡು ಬೇಕು. ಜನ ಹೆಚ್ಚಿದ್ದರೆ ಹೊರಗೇ ಕಾಯಿರಿ, ಒಳಗೆ ಗಾಳಿ ಓಡಾಡುವುದಿಲ್ಲ. ಹೊರಗೆ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುತ್ತದೆ. ಇಲ್ಲಿನ ಉತ್ಖನನದಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮಿನ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಬ್ರಹ್ಮಗಿರಿಗೆ ಒಂದು ಇಡೀ ದಿನ ಬೇಕು. ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಸುತ್ತ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಹೀಗೆ ಮೂರು ಕಡೆ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಪತ್ತೆಹಚ್ಚಿದರು. ಶಾಸನ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಆಜ್ಞೆ. ಇಷ್ಟು ಒಣ ಸೀಮೆಯಲ್ಲಿ ಮೌರ್ಯರಿಗೆ ಏನು ಕೆಲಸ ಎಂದು ಕೇಳಿದಾಗ ಹಲವು ವಿದ್ವಾಂಸರು ಬೊಟ್ಟು ಮಾಡುವುದು ಇಲ್ಲಿಂದ ಉತ್ತರಕ್ಕೆ ಹಬ್ಬಿದ ಚಿನ್ನದ ನೆಲದ ಕಡೆಗೆ. ಬ್ರಾಹ್ಮಿಯಲ್ಲಿ ಕೊರೆದ ಬರಹದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿ, ಕಟ್ಟಕಡೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಕ್ಷರ ಸವೆದಿದೆ, ಎದ್ದು ಕಾಣಲಿ ಎಂದು ಸೀಮೆಸುಣ್ಣ ಹಚ್ಚುವುದು, ನೀರು ಎಣ್ಣೆ ಸುರಿಯುವುದು ಯಾವುದೂ ಬೇಡ, ಪಕ್ಕದಿಂದ ಟಾರ್ಚು ಓರೆಯಾಗಿ ಹಿಡಿದರೆ ಗೆರೆಗಳು ತಾವೇ ಎದ್ದು ಕಾಣುತ್ತವೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ.

ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಅಗೆಸಿದ್ದು ಇಲ್ಲಿಯೇ. ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಒಂದರಲ್ಲಿ ದುಂಡನೆ ಕಿಂಡಿ ಬಿಟ್ಟು ಕಟ್ಟಿದ ಕಬ್ಬಿಣ ಯುಗದ ಗೋರಿಗಳು ಹೊಲ ಬಯಲಿನಲ್ಲಿವೆ. ಕಿಂಡಿಯೊಳಗೆ ಕೈ ಹಾಕಬೇಡಿ, ಚೇಳು ಹಾವುಗಳಿಗೆ ಅದು ತಂಪಾದ ಜಾಗ. ಬೆಳೆ ನಿಂತಿದ್ದರೆ ಬದುವಿನ ಮೇಲೆ ನಡೆಯಿರಿ. ಹೋಟೆಲು ಹತ್ತಿರದಲ್ಲಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ. ಜಟಿಂಗ ರಾಮೇಶ್ವರದ ಮೆಟ್ಟಿಲುಗಳನ್ನು ಬಿಸಿಲೇರುವ ಮೊದಲು ಹತ್ತಿ ಮುಗಿಸಿ, ಬ್ರಹ್ಮಗಿರಿಯನ್ನು ಇಳಿಹೊತ್ತಿಗೆ ಇಟ್ಟುಕೊಳ್ಳಿ. ಬಸ್ಸಿನಲ್ಲಿ ಬಂದವರು ವಾಪಸ್ಸಿನ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಬೇಕು.